ಜಾಯ್‌ಸ್ಟಿಕ್ ಇಲ್ಲದೆ ಆಡೋ ಕಂಪ್ಯೂಟರ್ ಗೇಮ್ ಯಾವುವು? ಆಡಿದವರು ಹೇಳಿ

ಚಿಂಚವಡದಿಂದ ಪ್ರಶ್ನೆ:

ನಮಸ್ಕಾರ್ರಿ. ದೀಪಾವಳಿ ಸೂಟಿ ಬಂತು, ಮಕ್ಕಳಿಬ್ಬರೂ ಮನ್ಯಾಗ. ದೊಡ್ಡಾಂವ ಒಂಬತ್ತನೇ ಇಯತ್ತೆ, ಸಣ್ಣಾಕಿ ಮೂರನೇದು. ನಮ್ಮನೆಯವರು ಒಂದು ಹಳೇ ಲ್ಯಾಪ್‌ಟಾಪ್ ತಂದಾರ. 8 ಜಿಬಿ ರ‍್ಯಾಮ್ ಐತಿ, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಜಾಯ್‌ಸ್ಟಿಕ್ ಇಲ್ಲಂದ್ರ ಒಂದೂ ಚಲೋ ಗೇಮ್ ಆಡಾಕ ಬರೂದಿಲ್ಲ, ಕೊಡಸು ಅಂತ ದೊಡ್ಡಾಂವ ಗಂಟುಬಿದ್ದಾನ. ಖರೇನ ಅದು? ಫೋನ್ ಬಿಡಸಿದ್ರ ಸಾಕಾಗೇತಿ ನನಗ. ಮಧ್ಯಾಹ್ನ ನಾನೂ ಆಡೂಹಂಗ ಏನರ ಇದ್ರ ಅದನ್ನೂ ಹೇಳ್ರಿ.

ಠಾಣೆಯಿಂದ:

ಅಕ್ಕ, ನಿಮ್ಮ ಮಗ ಹೇಳುವುದರಲ್ಲಿ ಅರ್ಧ ನಿಜ ಉಂಟು. ಕೀಬೋರ್ಡಿನ ಗುಂಡಿಗೆ ಗೊತ್ತಿರುವುದು ಒತ್ತಿದ್ದು, ಬಿಟ್ಟದ್ದು, ಇಷ್ಟೇ. ಜಾಯ್‌ಸ್ಟಿಕ್ ಸ್ವಲ್ಪ ವಾಲಿಸಿದರೆ ಸ್ವಲ್ಪ, ಪೂರ್ತಿ ವಾಲಿಸಿದರೆ ಪೂರ್ತಿ. ಅದಕ್ಕೇ ಕಾರ್ ರೇಸಿನಲ್ಲಿ ಬಾಣದ ಕೀ ಒತ್ತಿದ ಕೂಡಲೇ ಸ್ಟಿಯರಿಂಗ್ ಪೂರ್ತಿ ತಿರುಗಲು ಹೊರಡುತ್ತದೆ, ನೆಟ್ಟಗಿನ ರಸ್ತೆಯಲ್ಲೂ ಗಾಡಿ ಹಾವಿನ ಹಾಗೆ ಹೋಗುತ್ತದೆ. ಫುಟ್‌ಬಾಲಿನಲ್ಲಿ ಆಟಗಾರ ಎಂಟೇ ದಿಕ್ಕಿಗೆ ಓಡುತ್ತಾನೆ. ಅಂಥವಕ್ಕೆ ಜಾಯ್‌ಸ್ಟಿಕ್ ಒಳ್ಳೆಯದು, ಒಪ್ಪುವ. ಆದರೆ ಮೌಸಿಗೆಂದೇ ಮಾಡಿದ ಆಟಗಳು ರಾಶಿ ಉಂಟು ಮಾರಾಯ್ರೆ, ಅವನ್ನು ಜಾಯ್‌ಸ್ಟಿಕ್‌ನಲ್ಲಿ ಆಡುವುದೇ ಶಿಕ್ಷೆ.

ದೊಡ್ಡವನಿಗೆ ಏಜ್ ಆಫ್ ಎಂಪೈರ್ಸ್ 2. ಮೂಲ ಆಟ 1999ರದ್ದು, ಹೊಸ ರೂಪ 2019ರಲ್ಲಿ ಬಂತು. ಮೌಸ್ ಎಳೆದು ಚೌಕ ಹಾಕಿದರೆ ಒಳಗಿದ್ದ ಸೈನಿಕರೆಲ್ಲ ಕೈಗೆ ಬರುತ್ತಾರೆ. ಕಂಟ್ರೋಲ್ ಜೊತೆ 1 ಒತ್ತಿದರೆ ಆ ದಂಡಿಗೆ ನಂಬರ್ ಬಿತ್ತು, ಆಮೇಲೆ ನಕ್ಷೆಯ ಯಾವ ಮೂಲೆಯಲ್ಲಿದ್ದರೂ 1 ಒತ್ತಿದರೆ ಅದೇ ದಂಡು ಹಾಜರು. ಬೇರೆ ದುಡ್ಡು ಕೊಟ್ಟರೆ 2022ರ ಭಾರತದ ಕಂತು ಸಿಗುತ್ತದೆ, ಅದರಲ್ಲಿ ರಾಜೇಂದ್ರ ಚೋಳನ ದಂಡಯಾತ್ರೆಯೇ ಉಂಟು. ದುಡ್ಡೇ ಬೇಡ ಎಂದರೆ 0 ಎ.ಡಿ. ಎಂಬ ಉಚಿತ ಆಟ, ಅದೇ ಜಾತಿಯದ್ದು. ಮೌರ್ಯರು, ಅವರ ಆನೆಗಳು, ಚಾಣಕ್ಯ ಎಲ್ಲ ಇದ್ದಾರೆ. ದಂಡು ದೊಡ್ಡದಾದ ಮೇಲೆ ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ, ಚಿಕ್ಕ ನಕ್ಷೆ ಆರಿಸಲು ಹೇಳಿ.

ನಿಮಗೆ ಮಿನಿ ಮೆಟ್ರೊ. ಪರದೆಯ ಮೇಲೆ ವೃತ್ತ, ತ್ರಿಕೋನ, ಚೌಕ ಮೂಡುತ್ತವೆ, ಅವು ಸ್ಟೇಷನ್. ಮೌಸಿನಿಂದ ಗೆರೆ ಎಳೆದು ಜೋಡಿಸಿದರೆ ರೈಲು ಓಡುತ್ತದೆ. ಒಂದು ಸ್ಟೇಷನ್ನಿನಲ್ಲಿ ಜನ ಮಿತಿಮೀರಿ ತುಂಬಿ ಹಾಗೇ ಉಳಿದರೆ ಆಟ ಮುಗಿಯಿತು. ಮುಂಬೈ ನಕ್ಷೆಯೂ ಉಂಟು. ಬೆಳಿಗ್ಗೆ ಎಂಟೂವರೆಯ ಫಾಸ್ಟ್ ಲೋಕಲ್ ಹತ್ತುವ ನಮಗೆ ಅದು ಆಟವೋ ಸೇಡೋ ಗೊತ್ತಾಗುವುದಿಲ್ಲ.

ವಾಸ್ಕೋದಿಂದ:

ತಂಗೀ, ನನಗೆ ಬೆರಳಿನ ಗಂಟು ನೋವು, ಜೊತೆಗೆ ವಯಸ್ಸು. ಗಡಿಬಿಡಿಯ ಆಟ ಆಗುವುದಿಲ್ಲ. ನಾನು ಆಡುವುದೆಲ್ಲ ಸರದಿ ಆಟ. ನಮ್ಮ ಸರದಿ ಬಂದಾಗ ಚಹಾ ಮಾಡಿಕೊಂಡು ಬಂದರೂ ಎದುರಾಳಿ ಕಾಯುತ್ತಾನೆ. ಬ್ಯಾಟಲ್ ಫಾರ್ ವೆಸ್ನಾತ್ ಉಚಿತ, ಆರು ಮೂಲೆಯ ಮನೆಗಳ ಮೇಲೆ ದಂಡು ನಡೆಸುವುದು, ಮೌಸ್ ಒಂದಿದ್ದರೆ ಸಾಕು. ಚದುರಂಗಕ್ಕೆ ಲಿಚೆಸ್, ಅದೂ ಉಚಿತ, ಜಾಹೀರಾತಿನ ಕಾಟ ಇಲ್ಲ.

ಇನ್ನೊಂದು ಜಾತಿ ಇದೆ, ಯಾರೂ ನೆನಪು ಮಾಡಿಕೊಳ್ಳುವುದಿಲ್ಲ. ಚಿತ್ರದ ಮೇಲೆ ಕ್ಲಿಕ್ ಮಾಡುತ್ತ ಕಥೆ ಬಿಡಿಸುವ ಆಟಗಳು. ಸ್ಕಮ್‌ವಿಎಂ ಅನ್ನೋ ಉಚಿತ ತಂತ್ರಾಂಶ ಹಾಕಿಕೊಂಡರೆ 80-90ರ ದಶಕದ ಅಂಥ ಆಟಗಳು ಇವತ್ತಿನ ಕಂಪ್ಯೂಟರಿನಲ್ಲಿ ಓಡುತ್ತವೆ. ಬಿನೀತ್ ಎ ಸ್ಟೀಲ್ ಸ್ಕೈ ಆಟವನ್ನು ಮಾಡಿದವರೇ 2003ರಲ್ಲಿ ಉಚಿತವಾಗಿ ಬಿಟ್ಟುಕೊಟ್ಟರು, ಅದರಿಂದ ಶುರು ಮಾಡಿ. ಇಂಗ್ಲಿಷ್ ಓದಬೇಕಾಗುತ್ತದೆ, ಒಂಬತ್ತನೇ ಇಯತ್ತೆಯವನಿಗೆ ಅದೇನೂ ನಷ್ಟವಲ್ಲ.

ವಾಕಡದಿಂದ:

ಅಕ್ಕಾರ, ಗೇಮ್ ಯಾದಿ ಆಮೇಲೆ. ಮೊದಲು ಒಂದು ಮೌಸ್ ತಗೋರಿ. ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮ್ಯಾಲೆ ಆಡಿದ್ರ ಯಾವ ಗೇಮೂ ಬ್ಯಾಸರ ಬರ್ತದ, ಆಮ್ಯಾಲ ಹುಡುಗ "ನಾ ಹೇಳಿದ್ದೆ" ಅಂತಾನ. ಕೀ ಒತ್ತಿದಾಗ ಅಂಗೈ ತಾಗಿ ಪಾಯಿಂಟರ್ ಓಡಬಾರದು ಅಂತ ವಿಂಡೋಸ್ ಟಚ್‌ಪ್ಯಾಡನ್ನ ಸ್ವಲ್ಪ ಹೊತ್ತು ತಡೀತದ. ಟೈಪ್ ಮಾಡೋರಿಗೆ ಉಪಕಾರ, ನಡಕೊಂತ ತಿರುಗಿ ನೋಡೋ ಗೇಮಿಗೆ ಅಪಕಾರ. ತುರ್ತಿಗೆ ಟಚ್‌ಪ್ಯಾಡ್ ಸೆಟ್ಟಿಂಗ್ಸಿನಾಗ ಸೆನ್ಸಿಟಿವಿಟಿ ಪೂರಾ ಏರಿಸ್ರಿ.

ಎರಡನೇದು, ಇಬ್ಬರೂ ಒಂದೇ ಕೀಬೋರ್ಡ್ ಮ್ಯಾಲೆ ಆಡಿದ್ರ ಜಗಳ ಗ್ಯಾರಂಟಿ, ಆದರ ತಪ್ಪು ಮಕ್ಕಳದಲ್ಲ. ಕೀಬೋರ್ಡಿನೊಳಗ ಕೀಗೊಂದು ತಂತಿ ಇರೂದಿಲ್ಲ, ಅಡ್ಡ-ಉದ್ದ ಸಾಲಿನಾಗ ತಂತಿ ಹಂಚಿಕೊಂಡಿರ್ತಾವ. ಅಗ್ಗದ ಕೀಬೋರ್ಡಿನಾಗ ಮೂರು ಕೀ ಒಮ್ಮೆ ಒತ್ತಿದ್ರ, ಖರೇ ಒತ್ತಿದ್ದು ಯಾವುದು ಅಂತ ಅದಕ್ಕ ಗೊತ್ತಾಗದ ಕೆಲವು ಜೋಡಣಿ ಇರ್ತಾವ. ಆಗ ಮೂರನೇದನ್ನ ಸುಮ್ಮನ ನುಂಗಿಬಿಡ್ತದ. ತಂಗಿ ಜಿಗಿ ಅಂತ ಒತ್ತಿರ್ತಾಳ, ಜಿಗಿಯೂದಿಲ್ಲ, ಯಾಕಂದ್ರ ಅಣ್ಣ ಆ ಹೊತ್ತಿಗೆ ಎರಡು ಕೀ ಹಿಡಕೊಂಡಿರ್ತಾನ. ನೋಟ್‌ಪ್ಯಾಡ್ ತೆಗೀರಿ, ಡಬ್ಲ್ಯೂ ಮತ್ತು ಡಿ ಒತ್ತಿ ಹಿಡಕೊಂಡೇ ಉಳಿದ ಅಕ್ಷರ ಒಂದೊಂದಾಗಿ ಒತ್ತಿ ನೋಡ್ರಿ. ಬರದೇ ಇದ್ದ ಅಕ್ಷರ ಗುರ್ತು ಹಾಕ್ಕೊಂಡು ಗೇಮಿನೊಳಗ ಬ್ಯಾರೆ ಕೀಗೆ ಬದಲಿಸ್ರಿ. ಶಿಫ್ಟ್, ಕಂಟ್ರೋಲ್ ಬಹಳ ಕೀಬೋರ್ಡಿನಾಗ ಬ್ಯಾರೆ ತಂತಿ ಮ್ಯಾಲೆ ಇರ್ತಾವ, ಜಿಗಿಯಾಕ ಅವು ಚಲೋ. ಸಣ್ಣಾಕಿ ಜೋಡಿ ಆಡಾಕ ಫೈರ್‌ಬಾಯ್ ಆ್ಯಂಡ್ ವಾಟರ್‌ಗರ್ಲ್ ಹಚ್ಚಿಕೊಡ್ರಿ. ಬ್ರೌಸರಿನಾಗ ಓಡ್ತದ, ಒಬ್ಬರಿಗೆ ಬಾಣದ ಕೀ, ಒಬ್ಬರಿಗೆ ಎಡಗಡೆ ಅಕ್ಷರ. ಒಬ್ಬರು ಬಿಟ್ಟು ಒಬ್ಬರು ಮುಂದ ಹೋಗಾಕ ಬರೂದಿಲ್ಲ ಅದರಾಗ.

ಶಿಫ್ಟ್ ಅಂದಕೂಡಲೇ ನೆನಪಾತು. 1989ರ ಪ್ರಿನ್ಸ್ ಆಫ್ ಪರ್ಷಿಯಾ ಡಾಸ್‌ಬಾಕ್ಸಿನಾಗ (ವಿಂಡೋಸಿಗಿಂತ ಹಿಂದಿನ ಡಾಸ್ ಗೇಮ್ ಈಗಿನ ಕಂಪ್ಯೂಟರಿನಾಗ ಓಡಸೋ ತಂತ್ರಾಂಶ) ಆಡ್ತೀನಿ ಈಗೂ. ಬಾಣದ ಕೀ ಮತ್ತು ಶಿಫ್ಟ್, ಅಷ್ಟರಾಗೇ ಇಡೀ ಆಟ. ಕತ್ತಿ ಬೀಸೋದೂ ಶಿಫ್ಟೇ. ಐದು ಸಲ ಬಡಬಡ ಬೀಸಿದ್ರ ಶತ್ರು ಸಾಯೋ ಮೊದಲೇ ವಿಂಡೋಸ್ ನಡುವ ಬಂದು "ಸ್ಟಿಕಿ ಕೀಸ್ ಬೇಕೇನು" ಅಂತ ಕೇಳ್ತದ! ಜೋಡಿ ಕೀ ಒಮ್ಮೆಗೇ ಒತ್ತಾಕ ಆಗದವರು ಒಂದೊಂದಾಗಿ ಒತ್ತಲಿ ಅಂತ ಇರೋ ಸೌಲಭ್ಯ ಅದು, ಅದರ ಶಾರ್ಟ್‌ಕಟ್ ಮೊದಲೇ ಬಂದ್ ಮಾಡಿ ಇಟ್ಟುಬಿಡ್ರಿ.

ದಾದರದಿಂದ:

ಎಲ್ಲರೂ ಮೌಸ್ ಮೌಸ್ ಅಂತಿದ್ದೀರಿ, ಆದರೆ ಹುಡುಗ ಕೇಳ್ತಿರೋದು ಓಡಿ ಹೊಡೆಯೋ ಆಟ ಅಂತ ನನ್ನ ಅಂದಾಜು. ಪುಣೆಯವರೇ ಆದ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ರಾಜಿ ಅನ್ನೋ ಆಟ ತಂದರಲ್ಲ, ತಮ್ಮನನ್ನು ಅಸುರರಿಂದ ಬಿಡಿಸಿಕೊಳ್ಳೋಕೆ ಹೊರಡೋ ಅಕ್ಕನ ಕಥೆ. ನೋಡೋಕೆ ಕಣ್ಣಿಗೆ ಹಬ್ಬ, ಆದರೆ ಅದಕ್ಕೆ ಕೈಯಲ್ಲಿ ಜಾಯ್‌ಸ್ಟಿಕ್ ಇದ್ದರೇ ಚೆಂದ ಅನ್ನೋದು ನನ್ನ ಅಭಿಪ್ರಾಯ, ಗ್ರಾಫಿಕ್ಸ್ ಕಾರ್ಡೂ ಬೇಕು. ನಿಮ್ಮ ಲ್ಯಾಪ್‌ಟಾಪಿಗೆ ಸೆಲೆಸ್ಟ್ ಸರಿ, 2018ರದ್ದು. ಬೆಟ್ಟ ಹತ್ತೋ ಹುಡುಗಿ. ಕಷ್ಟದ ಆಟ, ಆದರೂ ಚಲನೆಯೆಲ್ಲ ಎಂಟೇ ದಿಕ್ಕಿನ ಲೆಕ್ಕದಲ್ಲಿ ಇರೋದರಿಂದ ಬಾಣದ ಕೀಗಳಿಗೆ ಹೊಂದುತ್ತೆ.

ಹೊಲ ಉಳೋ ಸ್ಟಾರ್‌ಡ್ಯೂ ವ್ಯಾಲಿ ಯಾರೂ ಹೇಳಲಿಲ್ಲ ಯಾಕೆ? ಒಬ್ಬನೇ ಕೂತು ಚಿತ್ರ, ಸಂಗೀತ, ಪ್ರೋಗ್ರಾಂ ಎಲ್ಲ ಮಾಡಿ 2016ರಲ್ಲಿ ಬಿಟ್ಟ ಆಟ. ಹಳೇ ಯಂತ್ರದಲ್ಲೂ ಓಡುತ್ತೆ. ಮಧ್ಯಾಹ್ನ ಆಡೋಕೆ ಅಂತ ಶುರು ಮಾಡಿದರೆ ಸಂಜೆ ಕುಕ್ಕರ್ ಇಡೋದು ತಡವಾಗುತ್ತೆ, ಅಷ್ಟು ಮುಂಚೆ ಹೇಳಿರ್ತೀನಿ.

ಚಿಂಚವಡದಿಂದ:

ಎಲ್ಲಾರಿಗೂ ಭಾಳ ಉಪಕಾರ ಆತು. ನೋಟ್‌ಪ್ಯಾಡ್ ಪರೀಕ್ಷೆ ಈಗಷ್ಟೇ ಮಾಡಿದಿವಿ, ಎರಡು ಅಕ್ಷರ ನುಂಗತೈತಿ! ದೊಡ್ಡಾಂವ ಈಗ ಕ್ರಿಕೆಟ್ ಯಾವುದು ಆಡ್ಲಿ ಅಂತ ಕೇಳಾಕತ್ತಾನ. ಮತ್ತ ನಮ್ಮನೆಯವರಿಗೆ ಲಾರಿ ಓಡಸೂ ಆಟ ಬೇಕಂತ.

ಠಾಣೆಯಿಂದ:

ಲಾರಿಗೆ ಯೂರೋ ಟ್ರಕ್ ಸಿಮ್ಯುಲೇಟರ್ 2. ಸೆಟ್ಟಿಂಗ್ಸಿನಲ್ಲಿ ಮೌಸ್ ಸ್ಟಿಯರಿಂಗ್ ಆರಿಸಿ. ಮೌಸ್ ಎಷ್ಟು ಸರಿಯಿತೋ ಚಕ್ರ ಅಷ್ಟೇ ತಿರುಗುತ್ತದೆ, ಮೇಲೆ ಹೇಳಿದ ಹಾವಿನ ನಡೆ ನಿಲ್ಲುತ್ತದೆ. ಆಕ್ಸಿಲರೇಟರು, ಬ್ರೇಕು ಮಾತ್ರ ಕೀಬೋರ್ಡಿನಲ್ಲಿ. ಗ್ರಾಫಿಕ್ಸ್ ಕಡಿಮೆ ಇಡಿ.

ವಾಕಡದಿಂದ:

ಕ್ರಿಕೆಟ್ ಅಂದ್ರ ನಮ್ಮ ಕಾಲದವರಿಗೆ ಇಎ ಕಂಪನಿಯ ಕ್ರಿಕೆಟ್ 07 ಒಂದೇ, 2006ರಾಗ ಬಂದದ್ದು. ತಮಾಷೆ ಅಂದ್ರ ಅದನ್ನ ಮಾಡಿದವರು ಜಾಯ್‌ಸ್ಟಿಕ್ ವಾಲಿಸಿ ಹೊಡೆಯೋ ಪದ್ಧತಿಯನ್ನೇ ಸೆಂಚುರಿ ಸ್ಟಿಕ್ ಅಂತ ಹೆಸರಿಟ್ಟು ಮೆರೆಸಿದ್ರು. ಹಾಸ್ಟೆಲಿನಾಗ ಯಾರ ಕಡೆ ಇತ್ತು ಜಾಯ್‌ಸ್ಟಿಕ್? ಬಾಣದ ಕೀ ದಿಕ್ಕಿಗೆ, ಅಕ್ಷರದ ಕೀ ಹೊಡೆತಕ್ಕ, ಉಳಿದದ್ದು ಟೈಮಿಂಗ್. ಅರ್ಧಮರ್ಧ ವಾಲಿಸೋ ಕೆಲಸನೇ ಇಲ್ಲ, ಅದಕ್ಕ ಕೀಬೋರ್ಡಿಗೆ ಕುಂದು ಬರಲಿಲ್ಲ. ಹೊಸಾ ಡಿಸ್ಕ್ ಈಗ ಅಂಗಡ್ಯಾಗ ಸಿಗೂದಿಲ್ಲ. ಯಾರ ಕಪಾಟಿನಾಗರ ಹಳೇದು ಇದ್ರ ಇಸ್ಕೋರಿ. ಪುಕ್ಕಟೆ ಡೌನ್‌ಲೋಡ್ ಅಂತ ಸಿಕ್ಕಸಿಕ್ಕಲ್ಲಿ ಒತ್ತಬ್ಯಾಡ್ರಿ, ಗೇಮಿನ ಜೋಡಿ ವೈರಸ್ ಬಂದು ಕೂತ್ರ ಯಜಮಾನರ ಲಾರೀನೂ ಓಡೂದಿಲ್ಲ. ಎರಡು ಅಕ್ಷರ ನುಂಗೋ ಕೀಬೋರ್ಡ್ ಇರಲಿ, ಕೀ ಬದಲಿಸಿದ್ರ ನಡೀತದ. ಮೌಸ್ ಮಾತ್ರ ವೈರ್ ಇದ್ದದ್ದೇ ತರ್ರಿ, ಸೆಲ್ ಮುಗೀತು ಅನ್ನೋ ಕಾರಣ ಮಕ್ಕಳಿಗೆ ಸಿಗೂದಿಲ್ಲ.