ಪದಚರ್ಚೆ: ‘ಎರಡು ಹಂತದ ದೃಢೀಕರಣ’ಕ್ಕೆ ಬದಲಿ ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ. ಸಹಕಾರಿ ಬ್ಯಾಂಕೊಂದರ ಮೊಬೈಲ್ ಆ್ಯಪನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇನ್ನು ಮುಂದೆ ಪಾಸ್‌ವರ್ಡ್ ಒಂದೇ ಸಾಲದು, ಫೋನಿಗೆ ಬರುವ ಆರಂಕಿಯ ಒಟಿಪಿಯನ್ನೂ ಕೊಡಬೇಕು ಎಂದು ತಿಳಿಸುವ ಫಲಕ ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ‘ಎರಡು ಹಂತದ ದೃಢೀಕರಣ’ ಎಂಬ ಕರಡನ್ನು ಶಾಖೆಯಲ್ಲಿ ತೋರಿಸಿದಾಗ, ಕೌಂಟರಿನ ಮುಂದಿದ್ದ ಹಿರಿಯ ರೈತರೊಬ್ಬರು ಅದನ್ನು ಎರಡು ಸಲ ಓದಿ, ‘ದೃಢೀಕರಣ ಪತ್ರ ನಾಡಕಚೇರಿಯಿಂದ ತರಬೇಕಾ?’ ಎಂದು ಕೇಳಿದರು. ಅವರು ಓದಿದ್ದು ಸರಿಯಾಗಿಯೇ ಇದೆ, ತಪ್ಪು ನನ್ನ ಪದದ್ದು. ದಯವಿಟ್ಟು ಬೇಗ ತಿಳಿಸಿ.

ಉತ್ತರ:
ಮೊದಲು ‘ಹಂತ’ವನ್ನು ಬಿಡಿ. ಪಾಸ್‌ವರ್ಡ್ ಆದ ಮೇಲೆ ಓದಿದ ಮೊದಲ ಶಾಲೆಯ ಹೆಸರು ಕೇಳಿದರೆ ಹಂತ ಎರಡಾಗುತ್ತವೆ, ಆದರೆ ಎರಡೂ ತಲೆಯಲ್ಲಿರುವ ಗುಟ್ಟುಗಳೇ; ಬೇಕಿರುವುದು ಎರಡು ಬಗೆಯ ಪುರಾವೆ. ಎಟಿಎಂನಲ್ಲಿ ಹಾಗಲ್ಲ: ಪಿನ್ ನೀವು ಬಲ್ಲ ಗುಟ್ಟು, ಕಾರ್ಡು ಕೈಯಲ್ಲಿರುವ ವಸ್ತು. ಪಾಸ್‌ಕೀ (ಪಾಸ್‌ವರ್ಡಿನ ಬದಲು ಫೋನಿನಲ್ಲಿರುವ ಡಿಜಿಟಲ್ ಕೀಲಿ) ಬಳಸುವಾಗಲಂತೂ ಬೆರಳೊತ್ತಿದ ಒಂದೇ ಹಂತದಲ್ಲಿ ಫೋನು, ಬೆರಳಚ್ಚು ಎರಡೂ ಸಾಕ್ಷಿ ನುಡಿಯುತ್ತವೆ. ‘ದೃಢೀಕರಣ’ವೂ ಸಲ್ಲದು, ದೃಢವಲ್ಲದ್ದನ್ನು ದೃಢವಾಗಿಸುವುದು ಅದರ ಅರ್ಥ, ಇಲ್ಲಿ ಬೇಕಿರುವುದು ಇಂಥವರೇ ಎಂದು ಅರಿಯುವುದು. ಇದಕ್ಕೆ ಹೇಳಿ ಮಾಡಿಸಿದ ಪದ ‘ಅಭಿಜ್ಞಾನ’. ವಾಲ್ಮೀಕಿಯ ಸುಂದರಕಾಂಡದಲ್ಲಿ ಸೀತೆ ಹನುಮಂತನಿಗೆ, ರಾಮನಿಗೂ ತನಗೂ ಮಾತ್ರ ಗೊತ್ತಿದ್ದ ಚಿತ್ರಕೂಟದ ಕಾಗೆಯ ಪ್ರಸಂಗವನ್ನು ಅಭಿಜ್ಞಾನವೆಂದೇ ಹೇಳಿ, ಆಮೇಲೆ ಚೂಡಾಮಣಿಯನ್ನೂ ಕೊಟ್ಟು ಕಳುಹಿಸುತ್ತಾಳೆ. ಒಂದು ಗುಟ್ಟು, ಇನ್ನೊಂದು ವಸ್ತು. ಆದ್ದರಿಂದ ‘ದ್ವಿವಿಧ ಅಭಿಜ್ಞಾನ’.

ಮರು ಉತ್ತರ:
ಪ್ರಸಂಗ ಸೊಗಸಾಗಿದೆ, ಪದ ಫಲಕಕ್ಕೆ ಬಾರದು. ಹಳಗನ್ನಡದ ‘ಕುಱುಹು’ ನಮ್ಮಲ್ಲೇ ಇರುವಾಗ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ‘ಗುರುತು’ ಅದೇ ಬಳಗದ್ದಾದರೂ, ‘ಎರಡು ಗುರುತು’ ಎಂದರೆ ಜನರು ಆಧಾರ್ ಚೀಟಿಯನ್ನೂ ಮತದಾರರ ಚೀಟಿಯನ್ನೂ ಹಿಡಿದು ಬರುತ್ತಾರೆ. ‘ಎರಡು ಕುರುಹಿನ ಪ್ರವೇಶ’ ಎಂದು ಬರೆಯಿರಿ. ‘ಪಾಸ್‌ವರ್ಡ್’, ‘ಒಟಿಪಿ’ ಹಾಗೆಯೇ ಇರಲಿ; 2009ರಲ್ಲಿ ರಿಸರ್ವ್ ಬ್ಯಾಂಕು ಆನ್‌ಲೈನ್ ಕಾರ್ಡ್ ಪಾವತಿಗೆ, ಕಾರ್ಡಿನ ಮೇಲೆ ಕಾಣದ ಇನ್ನೊಂದು ಪುರಾವೆಯನ್ನು ಕಡ್ಡಾಯ ಮಾಡಿದ ಮೇಲೆ ಒಟಿಪಿ ಮೆಲ್ಲನೆ ಮನೆಮಾತಾಗಿದೆ. ಸಂಸ್ಕೃತದಿಂದ ತಂದದ್ದು ಸ್ವಂತ, ಇಂಗ್ಲಿಷಿನಿಂದ ತಂದದ್ದು ಎರವಲು ಎನ್ನುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಉತ್ತರ:
ನನ್ನ ‘ಅಭಿಜ್ಞಾನ’ ದೂರದ್ದಾದರೆ, ನಿಮ್ಮ ‘ಪ್ರವೇಶ’ ಯಾವ ಭಾಷೆಯದು? ಎರವಲನ್ನು ಹಳಿಯುವ ಮೊದಲು ಅದನ್ನು ವಿವರಿಸಬೇಕು.

ಕೇಳಿದವರಿಂದ:
ಇಬ್ಬರಿಗೂ ಕೃತಜ್ಞತೆಗಳು. ‘ಹಂತ’ವನ್ನು ತೆಗೆದಿದ್ದೇನೆ. ಅಚ್ಚಿಗೆ ಕೊಡುತ್ತಿರುವ ಸಾಲು ಹೀಗಿದೆ: ‘ಒಳಬರಲು ಎರಡು ಕುರುಹು ಬೇಕು: ನಿಮ್ಮ ಪಾಸ್‌ವರ್ಡ್ ಮತ್ತು ಫೋನಿಗೆ ಬರುವ ಒಟಿಪಿ. ಬ್ಯಾಂಕಿನವರು ಕೇಳಿದರೂ ಇವನ್ನು ಹೇಳಬೇಡಿ.’