ಡಿಸೆಂಬರ್ ನಡುಹಗಲಲ್ಲೂ ಅಂಗಳಕ್ಕೆ ಬಿಸಿಲಿಲ್ಲ: ನೆರಳಿನ ಲೆಕ್ಕ ಎಲ್ಲಿ ತಪ್ಪಿತು?

ಅಂಗಳದ ಹುಡುಗಿ, ಶಿರಸಿ:

ಎಲ್ಲರಿಗೂ ನಮಸ್ಕಾರ. ವಾಸ್ತುಶಿಲ್ಪದಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. ಈ ಸಲದ ಸ್ಟುಡಿಯೋಗೆ ಕಾರವಾರದ ಮಾಜಾಳಿ ಕಡಲತೀರದಲ್ಲಿ ಮೀನು ಒಣಗಿಸುವ ಹೆಂಗಸರಿಗಾಗಿ ಒಂದು ಕಟ್ಟಡ ಆರಿಸಿಕೊಂಡಿದ್ದೇನೆ. ನಡುವೆ ಅಂಗಳ, ಸುತ್ತ ಜಗಲಿ, ಚಿರೇಕಲ್ಲಿನ ಗೋಡೆ, 30 ಡಿಗ್ರಿ ಇಳಿಜಾರಿನ ಹೆಂಚಿನ ಮಾಡು. ಅಂಗಳ ಪೂರ್ವ-ಪಶ್ಚಿಮ 14 ಮೀಟರ್, ದಕ್ಷಿಣೋತ್ತರ 6 ಮೀಟರ್. ಸೂರಿನ ಎತ್ತರ 3 ಮೀಟರ್.

ಕಟ್ಟಡದ ಮಾದರಿ ಮಾಡುವ ಸ್ಕೆಚ್‌ಅಪ್ ತಂತ್ರಾಂಶದಲ್ಲಿ ಡಿಸೆಂಬರ್ 21, ಮಧ್ಯಾಹ್ನ 12 ಗಂಟೆ ಇಟ್ಟು ನೋಡಿದರೆ ಅಂಗಳ ಪೂರ್ತಿ ನೆರಳಿನಲ್ಲಿದೆ. ಒಣಗಿಸುವ ಜಾಗದಲ್ಲೇ ಬಿಸಿಲಿಲ್ಲ! ನಮ್ಮ ಮನೆಯಲ್ಲಿ ಅದೇ ತಿಂಗಳು ಅಂಗಳದಲ್ಲಿ ಅಡಿಕೆ ಹರವಿ ಒಣಗಿಸುತ್ತೇವೆ, ಹಾಗಾಗಿ ನಂಬಲು ಆಗುತ್ತಿಲ್ಲ. ಜೂನ್ 21ಕ್ಕೂ ನೆರಳು ಉತ್ತರಕ್ಕೇ ಬೀಳುತ್ತದೆ. ಮುಂದಿನ ವಾರ ಪರಿಶೀಲನೆ ಇದೆ. ಜಗಲಿಯನ್ನು ಕಿರಿದು ಮಾಡಿ ಅಂಗಳ ಹಿಗ್ಗಿಸಬೇಕೇ? ಹೆಂಗಸರು ಕೂರುವ ಜಾಗವನ್ನು ಕತ್ತರಿಸಲು ಮನಸ್ಸಿಲ್ಲ.

ಹೆಂಚು-ಪಕಾಸು, ಕುಮಟಾ:

ತಂಗಿ, ಜಗಲಿಯನ್ನು ಮುಟ್ಟಬೇಡಿ. ನಿಮ್ಮ ಕಟ್ಟಡ ಮಾಜಾಳಿಯಲ್ಲಿಲ್ಲ, ಅಮೆರಿಕದಲ್ಲಿದೆ. ಜಾಗ ಯಾವುದೆಂದು ನಾವು ಹೇಳದಿದ್ದರೆ ಸ್ಕೆಚ್‌ಅಪ್ ಸಾಮಾನ್ಯವಾಗಿ ಕೊಲರಾಡೊದ ಬೌಲ್ಡರ್ ಊರನ್ನು ಹಿಡಿದುಕೊಳ್ಳುತ್ತದೆ. ಅದರ ಅಕ್ಷಾಂಶ 40 ಡಿಗ್ರಿ, ಮಾಜಾಳಿಯದು ಸುಮಾರು 14.9.

ಜೂನ್ ನೆರಳಿನ ವಿಷಯ ಬರೆದದ್ದು ಒಳ್ಳೆಯದಾಯಿತು, ತಪ್ಪು ಅಲ್ಲೇ ಸಿಕ್ಕಿತು. ನಮ್ಮ ಕರಾವಳಿಯಲ್ಲಿ ಮೇ ಮೊದಲ ದಿನಗಳಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳಬೇಕು. ಬೌಲ್ಡರ್‌ನಲ್ಲಿ ಅದು ಎಂದೂ ಆಗದು.

ಡಿಸೆಂಬರ್ 21ರ ನಡುಹಗಲು ಅಲ್ಲಿ ಸೂರ್ಯನ ಎತ್ತರ ಸುಮಾರು 26.5 ಡಿಗ್ರಿ. ನಿಮ್ಮ ಮಾಡಿನ ಇಳಿಜಾರು 30. ಸೂರ್ಯ ಇಳಿಜಾರಿಗಿಂತ ಕೆಳಗಿದ್ದಾಗ ಅಂಗಳಕ್ಕೆ ಬೀಳುವುದು ಸೂರಿನ ನೆರಳಲ್ಲ, ಮಾಡಿನ ನೆತ್ತಿಯ ನೆರಳು. ಅಂಗಳವೆಲ್ಲ ಮುಚ್ಚಿಹೋದದ್ದು ಅದಕ್ಕೆ. ಮಾಜಾಳಿಯಲ್ಲಿ ಆ ಹೊತ್ತಿಗೆ ಸೂರ್ಯ 51.7 ಡಿಗ್ರಿ ಎತ್ತರದಲ್ಲಿರುತ್ತಾನೆ. ಅಲ್ಲಿ ಸೂರಿನ ಲೆಕ್ಕವೇ ಸಾಕು: 3 ಮೀಟರ್ ಎತ್ತರಕ್ಕೆ ನೆರಳು ಸುಮಾರು 2.4 ಮೀಟರ್.

ಮಾಡೆಲ್ ಇನ್ಫೋದಲ್ಲಿ ಜಿಯೋ-ಲೊಕೇಶನ್ ತೆರೆದು ಉತ್ತರ ಅಕ್ಷಾಂಶ 14.9, ಪೂರ್ವ ರೇಖಾಂಶ 74.1 ಕೊಡಿ. ನೆರಳಿನ ಫಲಕದಲ್ಲಿ ಸಮಯ ಯುಟಿಸಿ +5:30 ಇರಲಿ. ನಕ್ಷೆಯ ಉತ್ತರ ಹಸಿರು ಅಕ್ಷದ ಜೊತೆ ಕೂಡುತ್ತದೆಯೇ ಎಂದೂ ನೋಡಿ. ಕಡಲಿನ ಅಂಚನ್ನು ಹಾಳೆಗೆ ನೇರ ಮಾಡಿಕೊಂಡು ಬರೆಯುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ.

ಅಂಗಳದ ಹುಡುಗಿ, ಶಿರಸಿ:

ಅಣ್ಣ, ಅದೇ ಆಗಿತ್ತು. ಉತ್ತರ ಸರಿಯಾಗಿಯೇ ಇತ್ತು, ಜಾಗವನ್ನು ಮಾತ್ರ ಕೊಟ್ಟಿರಲಿಲ್ಲ. ಈಗ ಬಿಸಿಲು ಬಂದಿದೆ. ಆದರೆ 12 ಗಂಟೆಗೆ ನೆರಳು ನೇರ ಉತ್ತರಕ್ಕಿಲ್ಲ, ಸ್ವಲ್ಪ ಪಶ್ಚಿಮಕ್ಕೆ ವಾಲಿದೆ. ಇನ್ನೂ ಏನಾದರೂ ತಪ್ಪಿದೆಯೇ?

ಹೆಂಚು-ಪಕಾಸು, ಕುಮಟಾ:

ಇಲ್ಲ, ಅದು ಸರಿಯಾಗಿದೆಯೆಂಬುದಕ್ಕೇ ಗುರುತು. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಕಾರವಾರ ಅದಕ್ಕಿಂತ ಎಂಟು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷ. ಡಿಸೆಂಬರ್ 21ರಂದು ಅಲ್ಲಿಯ ನಿಜವಾದ ನಡುಹಗಲು ಸುಮಾರು 12 ಗಂಟೆ 32 ನಿಮಿಷಕ್ಕೆ.

ನಡುಹಗಲನ್ನಷ್ಟೇ ನಂಬಬೇಡಿ. ಬೆಳಿಗ್ಗೆ 10ಕ್ಕೆ ಅದೇ ಸೂರಿನ ನೆರಳು ಉತ್ತರಕ್ಕೆ ಸುಮಾರು 2.9 ಮೀಟರ್ ಚಾಚುತ್ತದೆ, ಮಧ್ಯಾಹ್ನ 3ಕ್ಕೂ ಹೆಚ್ಚುಕಡಿಮೆ ಅಷ್ಟೇ. ಸಾಧ್ಯವಾದರೆ ಒಂದು ಕೋಲು ನೆಟ್ಟು ಅಳೆದು ನೋಡಿ.

ಕಡಲಂಚು, ಅಂಕೋಲಾ:

ನನ್ನದೂ ಒಂದು ಮಾತು ತಂಗಿ. ಜೂನ್ ನೆರಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಮೇಲಿಂದ ಮಳೆ. ಆ ತಿಂಗಳುಗಳಿಗೆ ಪಶ್ಚಿಮದ ಎರಚಲನ್ನು ಯೋಚಿಸಿ, ಬಿಸಿಲನ್ನಲ್ಲ. ಮತ್ತೆ, ಮೀನನ್ನು ನೆಲಕ್ಕೆ ಹರವುವ ನಕ್ಷೆ ಮಾಡಬೇಡಿ. ಸೊಂಟದೆತ್ತರದ ಅಟ್ಟಕ್ಕೆ ಬಲೆ ಬಿಗಿದರೆ ಕೆಳಗಿನಿಂದಲೂ ಗಾಳಿಯಾಡುತ್ತದೆ, ಮರಳು ಹತ್ತುವುದಿಲ್ಲ, ಮಗುಚಲು ದಿನವಿಡೀ ಬೆನ್ನು ಬಗ್ಗಿಸಬೇಕಾಗಿಲ್ಲ. ಶೆಟ್ಲಿಗೆ, ಅಂದರೆ ಸಿಗಡಿಗೆ, ಬಲೆಯ ಕಣ್ಣು ಸಣ್ಣದಿರಲಿ, ಬಂಗಡೆಗೆ ದೊಡ್ಡದಾದರೂ ನಡೆಯುತ್ತದೆ.

ಅಂಗಳದ ಹುಡುಗಿ, ಶಿರಸಿ:

ಇವತ್ತು ಮಾಜಾಳಿಗೆ ಹೋಗಿ ಬಂದೆ. ಮರಳಿನಲ್ಲಿ ಒಂದು ಮೀಟರ್ ಕೋಲು ನೆಟ್ಟು, ಗಾರೆಯವರ ತೂಕದ ದಾರ ಬಿಟ್ಟು ನೇರ ಮಾಡಿದೆ. ನೆರಳಿನ ತುದಿ ಮಸುಕಾಗಿ ಅಲುಗಾಡುತ್ತಿತ್ತು, ಐದೈದು ನಿಮಿಷಕ್ಕೊಮ್ಮೆ ತುದಿಗೆ ಒಂದು ಚಿಪ್ಪು ಒತ್ತುತ್ತಾ ಹೋದೆ. ಅತಿ ಗಿಡ್ಡ ನೆರಳು ಬಿದ್ದದ್ದು 12.30ರ ಚಿಪ್ಪಿಗೆ, 79 ಸೆಂಟಿಮೀಟರ್. ಫೈಲಿನಲ್ಲೂ ಅಷ್ಟೇ ಬರುತ್ತಿದೆ. ಅಣ್ಣ, ಆ ಕ್ಷಣ ಆದ ಸಂತೋಷವನ್ನು ಹೇಳಲಾರೆ.

ಪಕ್ಕದಲ್ಲೇ ಒಬ್ಬ ಅಜ್ಜಿ ಬಟ್ಟೆ ಹರಿದ ಕೊಡೆಯೊಂದನ್ನು ಮರಳಿಗೆ ಚುಚ್ಚಿಕೊಂಡು, ಅದರ ನೆರಳು ಸರಿದ ಹಾಗೆ ತಾನೂ ಸರಿಯುತ್ತಾ ಮೀನು ಸೀಳುತ್ತಿದ್ದರು. ಬಂದವಳೇ ನಕ್ಷೆ ಬದಲಿಸಿದೆ. ಅಟ್ಟಗಳೆಲ್ಲ ಉತ್ತರದ 3 ಮೀಟರ್‌ಗೆ ಹೋದವು. ದಕ್ಷಿಣದ ಸೂರಿನಡಿ, ಆ 2.4 ಮೀಟರ್ ನೆರಳಿನಲ್ಲಿ, ಮೀನು ಸೀಳಿ ಉಪ್ಪು ಹಚ್ಚುವ ಕಟ್ಟೆ. ಜಗಲಿ ಮೊದಲಿನಷ್ಟೇ ಅಗಲವಾಗಿದೆ.