‘ಹೊದಿಕೆ’ಯೋ ‘ಮುಚ್ಚಿಗೆ’ಯೋ: ಮಾದರಿ ವಿಮಾನದ ರೆಕ್ಕೆಗೊಂದು ಪದ ಬೇಕು

ಎಲ್ಲರಿಗೂ ನಮಸ್ಕಾರ.

ಬಳ್ಳಾರಿಯ ಪ್ರೌಢಶಾಲೆ ಮಕ್ಕಳಿಗಾಗಿ ಮಾದರಿ ವಿಮಾನ ಕಟ್ಟುವ ಬಗ್ಗೆ ಕಿರುಪುಸ್ತಿಕೆಯೊಂದನ್ನು ಬರೆಯುತ್ತಿದ್ದೇನೆ. ರೆಕ್ಕೆಯ ಕಡ್ಡಿ ಚೌಕಟ್ಟಿನ ಮೇಲೆ ಕಡಿಮೆ ಖರ್ಚಿನಲ್ಲಿ ಏನು ಹಚ್ಚಬಹುದು ಎಂಬ ಅಧ್ಯಾಯದಲ್ಲಿ ‘ಕವರಿಂಗ್’ ಎಂಬ ಪದ ಅಡ್ಡ ಬಂದಿದೆ.

‘ಹೊದಿಕೆ’ ಥಟ್ಟನೆ ಹೊಳೆಯುತ್ತದೆ. ಆದರೆ ಕಂಬಳಿ, ದುಪ್ಪಟಿಗಳಿಗೆ ಸಲ್ಲುವ ಈ ಮಾತಿನಲ್ಲಿ ಬಿಗಿ ಇಲ್ಲ. ರೆಕ್ಕೆಯ ಪಕ್ಕೆಲುಬುಗಳ ನಡುವೆ ಬೆರಳಿನಿಂದ ತಟ್ಟಿದರೆ ಹಾಳೆ ಸದ್ದು ಮಾಡಬೇಕು. ರೆಕ್ಕೆ ತಿರುಚಿಕೊಳ್ಳದಂತೆ ಹಿಡಿದಿಡುವುದರಲ್ಲಿ ಆ ಬಿಗಿಯ ಪಾಲೂ ಇದೆ. ಹಾಗಾಗಿ ಮೃದಂಗ, ಮದ್ದಳೆಯ ಬಾಯಿಗೆ ಬಿಗಿಯುವ ಚರ್ಮಕ್ಕೆ ಹೇಳುವ ‘ಮುಚ್ಚಿಗೆ’ಯ ಕಡೆಗೆ ನನ್ನ ಮನಸ್ಸು ವಾಲುತ್ತಿದೆ. ಮಕ್ಕಳನ್ನು ಕೇಳಿದರೆ ‘ಬೈಂಡ್ ಹಾಕುವುದು’ ಎನ್ನುತ್ತಾರೆ. ಬ್ರೌನ್ ಪೇಪರ್ ಕಂಡ ಮೇಲೆ ಪಠ್ಯಪುಸ್ತಕ ನೆನಪಾಗದೆ ಇರುತ್ತದೆಯೇ!

ಕ್ರಿಯಾಪದದ ತೊಡಕು ಇನ್ನೂ ದೊಡ್ಡದು. ತೆಳು ಟಿಶ್ಯೂ ಕಾಗದವನ್ನು ಅಂಚಿಗೆ ಅಂಟಿಸಿ ನೀರು ಸಿಂಪಡಿಸಿದರೆ ಒಣಗುತ್ತಾ ಬಿಗಿಯುತ್ತದೆ. ಮಾದರಿ ವಿಮಾನಕ್ಕೆಂದೇ ಸಿಗುವ ಮೋನೋಕೋಟ್, ಓರಾಕವರ್‌ನಂಥ ಪ್ಲಾಸ್ಟಿಕ್ ಫಿಲ್ಮುಗಳಿಗೆ ಇಸ್ತ್ರಿಪೆಟ್ಟಿಗೆ ಬೇಕು: ಕಡಿಮೆ ಕಾವಿನಲ್ಲಿ ಅಂಚು ಅಂಟುತ್ತದೆ, ಕಾವು ಏರಿಸಿದಾಗ ನಡುವಿನ ಭಾಗ ಕುಗ್ಗುತ್ತದೆ. ಅವು ಮಕ್ಕಳ ಜೇಬಿಗೆ ಭಾರ. ಲ್ಯಾಮಿನೇಶನ್ ಫಿಲ್ಮ್ ಅಗ್ಗ, ಒಂದು ಮಗ್ಗುಲಿಗೆ ಅಂಟು ಇದ್ದೇ ಇರುತ್ತದೆ. ಆದರೆ ಗುರುತಿನ ಚೀಟಿಗೆ ಹಾಕುವ 125 ಮೈಕ್ರಾನ್ ಪೌಚ್ ಬೇಡ, ರೆಕ್ಕೆಗೆ ಅದು ಹೊರೆ. ಸುಮಾರು 38 ಮೈಕ್ರಾನಿನ ಸುರುಳಿ ಕೇಳಿ ತರಬೇಕು. ಪಾರದರ್ಶಕವಾದ್ದರಿಂದ ಮೇಲೆ ಬಣ್ಣದ ಪಟ್ಟಿ ಹಚ್ಚದಿದ್ದರೆ ಆಕಾಶದಲ್ಲಿ ವಿಮಾನ ಯಾವ ಕಡೆ ವಾಲಿದೆ ಎಂದು ತಿಳಿಯುವುದಿಲ್ಲ. ಥರ್ಮೋಕೋಲ್ ರೆಕ್ಕೆಯಾದರೆ ನೀರು ಬೆರೆಸಿದ ಫೆವಿಕಾಲ್ ಮತ್ತು ಬ್ರೌನ್ ಪೇಪರೇ ಸೈ.

ಈ ‘ಕುಗ್ಗುವುದು’ ನನಗೆ ಸಮಾಧಾನ ತಂದಿಲ್ಲ. ಅದು ಅಳತೆ ಕಡಿಮೆಯಾಯಿತು ಎಂದು ಹೇಳುತ್ತದೆಯೇ ಹೊರತು ಸುಕ್ಕು ಬಿಟ್ಟು ಸೆಟೆದು ನಿಂತಿತು ಎಂದು ಹೇಳುವುದಿಲ್ಲ. ಹಲಗೆ ಎಂಬ ಚರ್ಮವಾದ್ಯವನ್ನು ಬೆಂಕಿಗೆ ಹಿಡಿದು ‘ಕಾಯಿಸುವುದು’ ಎಂಬಲ್ಲಿ ಆ ಎರಡನೆಯ ಅರ್ಥ ಹೇಳದೆಯೇ ಬಂದುಬಿಡುತ್ತದೆ. ‘ಮುಚ್ಚಿಗೆಯನ್ನು ಕಾಯಿಸಿ ಬಿಗಿಸಿ’ ಎಂದು ಬರೆದರೆ ಹೇಗೆ? ಏಪ್ರಿಲ್ ಬಿಸಿಲಿನಲ್ಲಿ ಫಿಲ್ಮ್ ಸಡಿಲಗೊಂಡಾಗಲೂ ಮಾಡುವುದು ಅದನ್ನೇ.

‘ಡೋಪ್’ ಇನ್ನೊಂದು ಪೀಡೆ. ಟಿಶ್ಯೂ ಕಾಗದದ ರಂಧ್ರ ಮುಚ್ಚಲು ಬಳಿಯುವ, ಸಾಮಾನ್ಯವಾಗಿ ನೈಟ್ರೋಸೆಲ್ಯುಲೋಸ್ ಇರುವ ದ್ರವ ಅದು. ಕ್ರೀಡಾಪುಟ ಓದುವ ಹುಡುಗರು ಆ ಹೆಸರು ಕೇಳಿಯೇ ನಗುತ್ತಾರೆ. ‘ಮೆರುಗೆಣ್ಣೆ’ ಎನ್ನೋಣವೆಂದರೆ ಇದರ ಕೆಲಸ ಮೆರುಗು ಕೊಡುವುದಲ್ಲ. ಜೊತೆಗೆ ಇದು ಬೇಗ ಬೆಂಕಿ ಹೊತ್ತಿಕೊಳ್ಳುತ್ತದೆ, ಥರ್ಮೋಕೋಲನ್ನು ಕರಗಿಸುತ್ತದೆ. ಎಚ್ಚರಿಕೆ ಬರೆಯುವ ಕಡೆ ಹೆಸರು ಗೊಂದಲವಾಗಬಾರದು. ಸದ್ಯಕ್ಕೆ ‘ಬಿಗಿಲೇಪ’ ಎಂದು ಬರೆದಿಟ್ಟಿದ್ದೇನೆ. ಕೃತಕವೆನಿಸಿದರೆ ಸಂಕೋಚವಿಲ್ಲದೆ ಹೊಡೆದುಹಾಕಿ.

ಕೊಪ್ಪಳದವರಿಗೆ ಪ್ರತ್ಯೇಕವಾಗಿ ಒಂದು ಪ್ರಶ್ನೆ. ಕಿನ್ನಾಳದಲ್ಲಿ ಹಗುರ ಮರದ ಗೊಂಬೆಗೆ ಕಿಟ್ಟ (ಮರದ ಹೊಟ್ಟು, ಹುಣಸೆಬೀಜದ ಅಂಟು ಬೆರೆಸಿದ ಕಣಕ) ಬಳಿದು, ಅದರ ಮೇಲೆ ಹುಣಸೆಬೀಜದ ಅಂಟಿನಿಂದ ಬಟ್ಟೆಯ ಚೂರುಗಳನ್ನು ಕೂರಿಸುತ್ತಾರಲ್ಲ, ಆ ಬಟ್ಟೆಯ ಪದರಕ್ಕೂ ಕೂರಿಸುವ ಕೆಲಸಕ್ಕೂ ಚಿತ್ರಗಾರರು ಬಳಸುವ ಮಾತು ಯಾವುದು? ರಾಯಚೂರಿನ ಕಡೆ ಹಲಗೆಗೆ ಚರ್ಮ ಎಳೆದು ಕಟ್ಟುವುದಕ್ಕೆ ಬೇರೆ ಕ್ರಿಯಾಪದ ಇದ್ದರೆ ಅದನ್ನೂ ತಿಳಿಸಿ. ವಾಕ್ಯದಲ್ಲಿ ಬಳಸಿ ತೋರಿಸಿದರೆ ಇನ್ನೂ ಉಪಕಾರ.